ಮಾನಸಿಕ ಕಾಯಿಲೆಯೊಂದಿಗೆ ಬಾಳುವವರಿಗೆ ಕಲೆ ಏನು ಮಾಡಬಲ್ಲದು?

ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನ ಬಂತೆಂದರೆ ಶಾಲೆ, ಕಾಲೇಜು, ಕಂಪನಿಗಳಲ್ಲಿ ಚಿತ್ರಕಲಾ ಸ್ಪರ್ಧೆಗಳು ನಡೆಯುತ್ತವೆ. ಬೆಂಗಳೂರಿನಲ್ಲಂತೂ ವಾರಾಂತ್ಯದ ‘ಆರ್ಟ್ ಥೆರಪಿ’ ಶಿಬಿರಗಳ ಜಾಹೀರಾತು ವರ್ಷವಿಡೀ ಕಣ್ಣಿಗೆ ಬೀಳುತ್ತದೆ. ದೊಡ್ಡವರು ಬಣ್ಣ ತುಂಬಲೆಂದೇ ಅಚ್ಚು ಹಾಕಿದ ಮಂಡಲದ ಪುಸ್ತಕಗಳು ಅಂಗಡಿಗಳಲ್ಲಿ ಸಿಗುತ್ತವೆ. ಮನಸ್ಸಿನ ನೋವಿನ ಬಗ್ಗೆ ಬಾಯಿ ಬಿಡಲೂ ಹೆದರುತ್ತಿದ್ದ ಸಮಾಜದಲ್ಲಿ ಇಷ್ಟಾದರೂ ನಡೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಈ ಉತ್ಸಾಹದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ದುಡಿದು ದಣಿದ ಮನಸ್ಸಿಗೆ ಒಂದು ಗಂಟೆಯ ಬಣ್ಣದ ಕೆಲಸ ಹಿತವೆನಿಸುತ್ತದೆಯೇ ಎನ್ನುವುದು ಮೊದಲನೆಯದು. ಅದಕ್ಕೆ ಉತ್ತರ ಸುಲಭ, ಹೆಚ್ಚಿನವರಿಗೆ ಹಿತವೆನಿಸುತ್ತದೆ. ಭ್ರಮೆಗಳು ಕಾಡುವ ಸ್ಕಿಜೋಫ್ರೇನಿಯಾ, ಮನಸ್ಸು ಅತಿ ಉತ್ಸಾಹಕ್ಕೂ ತೀವ್ರ ಕುಗ್ಗುವಿಕೆಗೂ ಹೊರಳುವ ಬೈಪೋಲಾರ್ ಕಾಯಿಲೆ, ಮತ್ತೆ ಮತ್ತೆ ಮರಳುವ ತೀವ್ರ ಖಿನ್ನತೆ ಇವುಗಳ ಜೊತೆ ವರ್ಷಗಟ್ಟಲೆ ಬಾಳಬೇಕಾದವರಿಗೆ ಕಲೆ ಆಸರೆಯಾಗಬಲ್ಲದೇ, ಆಗುವುದಾದರೆ ಹೇಗೆ, ಎನ್ನುವುದು ಎರಡನೆಯದು. ಈ ಲೇಖನ ಆ ಎರಡನೆಯ ಪ್ರಶ್ನೆಯ ಕುರಿತದ್ದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಲೆ ಆಸರೆಯಾಗುತ್ತದೆ, ಆದರೆ ನಾವು ಸಾಮಾನ್ಯವಾಗಿ ಕೊಡುವ ಕಾರಣಗಳಿಗಾಗಿ ಆಗುವುದಿಲ್ಲ. ಚಿತ್ರ ಚೆನ್ನಾಗಿ ಬಂತು ಎಂಬುದರಿಂದಲೋ, ಒಳಗಿನ ಸಂಕಟವೆಲ್ಲ ಕಾಗದಕ್ಕೆ ಇಳಿದುಹೋಯಿತು ಎಂಬುದರಿಂದಲೋ ಆಗುವ ಪ್ರಯೋಜನಕ್ಕಿಂತ, ಗೊತ್ತಾದ ಹೊತ್ತಿನಲ್ಲಿ, ಗೊತ್ತಾದ ಜಾಗದಲ್ಲಿ, ಪಕ್ಕದಲ್ಲಿ ಸುಮ್ಮನೆ ಕೂರಬಲ್ಲ ಒಬ್ಬ ಮನುಷ್ಯನ ಸಮ್ಮುಖದಲ್ಲಿ ಕೈಯಾರೆ ಏನನ್ನೋ ಮಾಡುವುದರಿಂದ ಆಗುವ ಪ್ರಯೋಜನ ದೊಡ್ಡದು. ಹಾಗಾಗಿ ಕಲೆಯನ್ನು ಮಾತ್ರೆಯ ಬದಲಿಗೆ ಇಡುವುದು ಎಷ್ಟು ತಪ್ಪೋ, ಹೊತ್ತು ಕಳೆಯುವ ಚಟುವಟಿಕೆಯೆಂದು ಆಸ್ಪತ್ರೆಯ ಆಯವ್ಯಯದಿಂದ ಅದನ್ನೇ ಮೊದಲು ಕೈಬಿಡುವುದೂ ಅಷ್ಟೇ ತಪ್ಪು.

‘ಮನಸ್ಸಿನಲ್ಲಿರುವುದನ್ನೆಲ್ಲ ಹೊರಗೆ ಹಾಕಿಬಿಡು, ಹಗುರಾಗುತ್ತೀಯ’ ಎಂಬುದು ಮನೆಮನೆಯಲ್ಲಿ ಕೇಳಿಬರುವ ಬುದ್ಧಿಮಾತು. ಕಲೆಯ ಬಗೆಗಿನ ಜನಪ್ರಿಯ ವಿವರಣೆಯೂ ಇದೇ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೆನ್ ವಿನ್ನರ್ ಮತ್ತು ಅವರ ಸಹೋದ್ಯೋಗಿಗಳು 2008 ಮತ್ತು 2012ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇದನ್ನು ಪರೀಕ್ಷೆಗೆ ಒಡ್ಡಿದವು. ಮನಸ್ಸು ಕುಗ್ಗಿಸುವಂಥ ದೃಶ್ಯಗಳನ್ನು ತೋರಿಸಿದ ಮೇಲೆ ಕೆಲವರಿಗೆ ತಮ್ಮ ದುಃಖವನ್ನೇ ಚಿತ್ರಿಸಲು, ಇನ್ನು ಕೆಲವರಿಗೆ ಅದಕ್ಕೆ ಸಂಬಂಧವಿಲ್ಲದ ಅಥವಾ ಸಂತೋಷ ಕೊಡುವ ಏನನ್ನಾದರೂ ಚಿತ್ರಿಸಲು ಹೇಳಲಾಯಿತು. ತಕ್ಷಣದ ಮಟ್ಟಿಗೆ ಹೆಚ್ಚು ಚೇತರಿಸಿಕೊಂಡವರು ದುಃಖವನ್ನು ಹೊರಹಾಕಿದವರಲ್ಲ, ಬೇರೆಯದರಲ್ಲಿ ತೊಡಗಿದವರು. ಇವು ಆರೋಗ್ಯವಂತರ ಮೇಲೆ ನಡೆದ, ಕೆಲವೇ ನಿಮಿಷಗಳ ಪರಿಣಾಮವನ್ನು ಅಳೆದ ಪ್ರಯೋಗಗಳು ಎನ್ನುವುದನ್ನು ಮರೆಯಬಾರದು. ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ 1986ರಿಂದ ನಡೆಸಿದ ಬರವಣಿಗೆಯ ಅಧ್ಯಯನಗಳು ಇನ್ನೊಂದು ಮುಖವನ್ನು ತೋರಿಸುತ್ತವೆ: ಬದುಕಿನ ಆಘಾತವನ್ನು ಕುರಿತು ದಿನಕ್ಕೆ ಹದಿನೈದಿಪ್ಪತ್ತು ನಿಮಿಷದಂತೆ ಮೂರು ನಾಲ್ಕು ದಿನ ಬರೆದವರ ಮನಸ್ಸು ಬರೆದ ಕೂಡಲೇ ಇನ್ನಷ್ಟು ಕುಗ್ಗಿದರೂ ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿ ಹೋಗುವುದು ಕಡಿಮೆಯಾಗಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ನೋವನ್ನು ತೋಡಿಕೊಳ್ಳುವುದು ಯಾವಾಗಲೂ ಹಿತವಲ್ಲ, ಅದಕ್ಕೊಂದು ಹೊತ್ತು, ಒಂದು ಕ್ರಮ, ಜೊತೆಗೊಬ್ಬರು ಬೇಕು ಎಂದು ತಿಳಿಯುತ್ತದೆ. ಆಘಾತಕ್ಕೆ ಒಳಗಾದ ಹೆಣ್ಣುಮಗಳೊಬ್ಬಳನ್ನು ಶಿಬಿರದ ಮೊದಲ ದಿನವೇ ‘ನಿಮ್ಮ ನೋವನ್ನು ಚಿತ್ರಿಸಿ’ ಎಂದು ಕೂರಿಸುವವರು ಈ ಎಚ್ಚರವನ್ನು ಗಾಳಿಗೆ ತೂರುತ್ತಾರೆ. ನೋವು ಮೇಲೆದ್ದ ಮೇಲೆ ಸಂಜೆ ಆರಕ್ಕೆ ಶಿಬಿರ ಮುಗಿಯುತ್ತದೆ. ಆಕೆ ಅದನ್ನು ಹೊತ್ತುಕೊಂಡು ಒಬ್ಬಳೇ ಮನೆಗೆ ಹೋಗಬೇಕಾಗುತ್ತದೆ.

ಹಾಗಾದರೆ ಕೈಗೆಲಸ ಮನಸ್ಸಿಗೆ ಏನು ಮಾಡುತ್ತದೆ? ಖಿನ್ನತೆಯಲ್ಲಿ ಮನಸ್ಸು ಒಂದೇ ಯೋಚನೆಯ ಸುತ್ತ ಗಾಣದೆತ್ತಿನಂತೆ ಸುತ್ತುತ್ತದೆ, ಯಾವ ಕೆಲಸಕ್ಕೂ ಕೈ ಏಳುವುದಿಲ್ಲ, ಕೈ ಏಳದ್ದರಿಂದ ತಾನು ಯಾತಕ್ಕೂ ಬಾರದವನೆಂಬ ಭಾವ ಮತ್ತಷ್ಟು ಗಟ್ಟಿಯಾಗುತ್ತದೆ. ಈ ಸುತ್ತನ್ನು ಒಡೆಯಲು ಮನಶ್ಶಾಸ್ತ್ರಜ್ಞರು ಬಳಸುವ ವಿಧಾನಗಳಲ್ಲಿ ಒಂದೆಂದರೆ, ಉತ್ಸಾಹ ಬರಲಿ ಎಂದು ಕಾಯದೆ, ಸಣ್ಣದೊಂದು ಕೆಲಸವನ್ನು ಮೊದಲು ಮಾಡಿಸುವುದು. ಸ್ಕಿಜೋಫ್ರೇನಿಯಾದ ಕಷ್ಟ ಬೇರೆ ಬಗೆಯದು. ಕಿವಿಯಲ್ಲಿ ಕೇಳುವ ಧ್ವನಿಗಳು, ಯಾರೋ ಹಿಂಬಾಲಿಸುತ್ತಿದ್ದಾರೆಂಬ ಭ್ರಮೆ ಇವೆಲ್ಲ ಮಾತ್ರೆಗಳಿಂದ ಅನೇಕರಲ್ಲಿ ಹತೋಟಿಗೆ ಬರುತ್ತವೆ. ಆದರೆ ಮಾತು ಕಡಿಮೆಯಾಗುವುದು, ಮುಖದಲ್ಲಿ ಭಾವ ಬತ್ತುವುದು, ಮೂಲೆ ಹಿಡಿದು ಕೂರುವುದು ಮುಂತಾದ ಲಕ್ಷಣಗಳಿಗೆ ಇಂದಿನ ಔಷಧಗಳು ಅಷ್ಟಾಗಿ ನಾಟುವುದಿಲ್ಲ. ಮನೆಯವರು ಇದನ್ನು ಸೋಮಾರಿತನವೆಂದು ತಿಳಿದು ಬೈಯುತ್ತಾರೆ. ಮಾತಿನ ಚಿಕಿತ್ಸೆಗೂ ಇಲ್ಲಿ ಮಿತಿಯಿದೆ, ಯಾಕೆಂದರೆ ರೋಗಿಯ ಹತ್ತಿರ ಮಾತೇ ಇರುವುದಿಲ್ಲ. ಕುಂಚ, ಮಣ್ಣು, ಸೂಜಿದಾರಗಳ ಕೆಲಸ ಮಾತಿಲ್ಲದೆಯೂ ನಡೆಯುತ್ತದೆ ಎಂಬುದೇ ಅದರ ಮೊದಲ ಅನುಕೂಲ.

ನಮ್ಮದೇ ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಗವಂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಒಂದು ಹೊಲಿಗೆ, ಒಂದು ಖಾಲಿ, ಹೀಗೆ ಸಾಲು ಮುಗಿಸಿ, ಅದೇ ದಾರಿಯಲ್ಲಿ ಹಿಂದಿರುಗುತ್ತ ಖಾಲಿ ಬಿಟ್ಟ ಜಾಗಗಳನ್ನು ತುಂಬಬೇಕು. ಗಂಟು ಹಾಕುವಂತಿಲ್ಲ, ಬಟ್ಟೆಯ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕವಾಗಿರಬೇಕು. ಎಣಿಕೆ ಒಂದೆಳೆ ತಪ್ಪಿದರೆ ಹೊಲಿಯುತ್ತಿರುವ ಗೋಪುರದ ಚಿತ್ತಾರದ ತುದಿ ಸೇರುವಲ್ಲಿ ಸೇರುವುದಿಲ್ಲ. ಇಷ್ಟು ಎಣಿಕೆ ಬೇಡುವ ಕೈಗೆ ಅದೇ ಹೊತ್ತಿನಲ್ಲಿ ಹಳೆಯ ಅವಮಾನವನ್ನು ಮೆಲುಕು ಹಾಕುವುದು ಕಷ್ಟ. ಮನಸ್ಸನ್ನು ಬಲವಂತದಿಂದ ಬೇರೆಡೆ ತಿರುಗಿಸಬೇಕಾಗಿಲ್ಲ, ಕೆಲಸವೇ ತಿರುಗಿಸುತ್ತದೆ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು ಎಂಬುದೂ ಸಣ್ಣ ಸಂಗತಿಯಲ್ಲ. ಬದುಕಿನಲ್ಲಿ ಎಲ್ಲವೂ ಕೈಮೀರಿತು ಎಂದು ನಂಬಿದವರಿಗೆ ಕೈಗೆ ದಕ್ಕುವ, ಸರಿಪಡಿಸಬಹುದಾದ ಒಂದು ಚದರಡಿ ಜಗತ್ತು ಸಿಗುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವ ಹೆಂಗಸರು ಒಟ್ಟಿಗೆ ಕೂತು ಹೊಲಿಯುತ್ತಾರೆ. ಅಲ್ಲಿ ಎದುರುಬದುರು ಕಣ್ಣು ಸೇರಿಸಿ ಮಾತಾಡಬೇಕಾದ ಒತ್ತಡವಿಲ್ಲ. ಕಣ್ಣು ಹೊಲಿಗೆಯ ಮೇಲಿರುತ್ತದೆ, ಮಾತು ಬಂದಾಗ ಬರುತ್ತದೆ. ಜನರ ನಡುವೆ ಇರುವುದೇ ಹಿಂಸೆಯಾದವರಿಗೆ ಇಂಥ ಕೂಟ ಸಹ್ಯವಾಗುವುದು ಈ ಕಾರಣಕ್ಕೆ.

ಸೂಜಿದಾರದ ಮಾತು ಬಂದಾಗ ಜರ್ಮನಿಯ ಆಗ್ನೆಸ್ ರಿಖ್ಟರ್ ಅವರನ್ನು ನೆನೆಯಲೇಬೇಕು. ಡ್ರೆಸ್ಡೆನ್ ಕಡೆಯ ಈ ದರ್ಜಿ 19ನೇ ಶತಮಾನದ ಕೊನೆಯಲ್ಲಿ ಹುಬರ್ಟಸ್‌ಬುರ್ಗ್ ಮಾನಸಿಕ ಆಸ್ಪತ್ರೆಯಲ್ಲಿದ್ದರು. ಆಸ್ಪತ್ರೆಯ ಬೂದು ನಾರುಬಟ್ಟೆಯಿಂದ ಅವರು ತಮಗಾಗಿ ಒಂದು ಕುಪ್ಪಸ ಹೊಲಿದುಕೊಂಡು, ಅದರ ಮೈಮೇಲೆಲ್ಲ, ಒಳಗೂ ಹೊರಗೂ, ಬಣ್ಣದ ದಾರದಿಂದ ಅಕ್ಷರಗಳನ್ನು ಕಸೂತಿ ಮಾಡಿದರು. ಬಹುಭಾಗ ಇಂದಿಗೂ ಓದಲು ಬಾರದು. ಓದಲು ಬರುವಲ್ಲಿ ‘ನಾನು’, ‘ನನ್ನ’ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ, ಜೊತೆಗೆ ಬಟ್ಟೆ ಒಗೆಯಲು ಆಸ್ಪತ್ರೆ ಅವರಿಗೆ ಕೊಟ್ಟಿದ್ದ 583 ಎಂಬ ಸಂಖ್ಯೆಯೂ ಇದೆ. ಯಾವ ವೈದ್ಯರೂ ಅದನ್ನು ಚಿಕಿತ್ಸೆಯೆಂದು ಬರೆದುಕೊಟ್ಟಿರಲಿಲ್ಲ. ಹೆಸರಿನ ಜಾಗದಲ್ಲಿ ಸಂಖ್ಯೆ ಬಂದ ಕಡೆ, ತಾನು ಬಲ್ಲ ಕಸುಬಿನಿಂದಲೇ ಆಕೆ ‘ನಾನು’ ಎಂದು ಬರೆದುಕೊಂಡರು.

ಆಸ್ಪತ್ರೆಗಳು ತಾವಾಗಿಯೇ ರೋಗಿಗಳ ಕೈಗೆ ಬಣ್ಣ ಕೊಡಲು ಶುರುಮಾಡಿದ್ದು ಬಹಳ ತಡವಾಗಿ. ‘ಆರ್ಟ್ ಥೆರಪಿ’ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದ ಬ್ರಿಟಿಷ್ ಕಲಾವಿದ ಏಡ್ರಿಯನ್ ಹಿಲ್ ಕ್ಷಯರೋಗಿಯಾಗಿದ್ದರು. ಸ್ಯಾನಟೋರಿಯಂನಲ್ಲಿ ಮಲಗಿದ್ದಾಗ ಚಿತ್ರ ಬರೆಯುತ್ತ ಅದರ ಪ್ರಯೋಜನವನ್ನು ಸ್ವತಃ ಕಂಡುಕೊಂಡರು. ಮಾನಸಿಕ ಆಸ್ಪತ್ರೆಗಳ ಮಟ್ಟಿಗೆ 1946 ಮುಖ್ಯವಾದ ವರ್ಷ. ಆ ವರ್ಷ ಇಂಗ್ಲೆಂಡಿನ ನೆದರ್ನ್ ಆಸ್ಪತ್ರೆಯಲ್ಲಿ ಎಡ್ವರ್ಡ್ ಆಡಮ್‌ಸನ್ ರೋಗಿಗಳ ಚಿತ್ರಶಾಲೆಯ ಕೆಲಸಕ್ಕೆ ಸೇರಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಎಂಜೆನ್ಯೊ ದಿ ದೆಂತ್ರೊ ಬಡಾವಣೆಯ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಡಾ. ನೀಸಿ ದ ಸಿಲ್ವೇರಾ ಚಿತ್ರಶಾಲೆಯೊಂದನ್ನು ತೆರೆದರು. ಈ ಎರಡನೆಯ ಪ್ರಯೋಗದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು.

1905ರಲ್ಲಿ ಹುಟ್ಟಿದ ನೀಸಿ, ಕಮ್ಯುನಿಸ್ಟ್ ಪುಸ್ತಕಗಳನ್ನು ಇಟ್ಟುಕೊಂಡಿದ್ದ ಆರೋಪದ ಮೇಲೆ 1936ರಲ್ಲಿ ಜೈಲು ಸೇರಿ, ಸರ್ಕಾರಿ ಕೆಲಸ ಕಳೆದುಕೊಂಡು, 1944ರಲ್ಲಿ ಮತ್ತೆ ಸೇವೆಗೆ ಮರಳಿದರು. ಅಷ್ಟರಲ್ಲಿ ಮನೋವೈದ್ಯಕೀಯದಲ್ಲಿ ವಿದ್ಯುತ್ ಆಘಾತ, ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲೋಬಾಟಮಿ ಇವು ಹೊಸ ಚಿಕಿತ್ಸೆಗಳಾಗಿ ಬಂದಿದ್ದವು. ರೋಗಿಯೊಬ್ಬರಿಗೆ ವಿದ್ಯುತ್ ಹಾಯಿಸಲು ಗುಂಡಿ ಒತ್ತಿರೆಂದಾಗ ಅವರು ಒಪ್ಪಲಿಲ್ಲ. (ಇಂದು ಅರಿವಳಿಕೆ ಕೊಟ್ಟು ನಡೆಸುವ ಇಸಿಟಿ ಎಂಬ ವಿದ್ಯುತ್ ಚಿಕಿತ್ಸೆ ಬೇರೆಯೇ ಮಟ್ಟದ್ದು, ತೀವ್ರ ಖಿನ್ನತೆಯಲ್ಲಿ ಅದು ಜೀವ ಉಳಿಸುವ ಚಿಕಿತ್ಸೆ; ಅಂದಿನದನ್ನು ಇಂದಿನದರೊಂದಿಗೆ ಸಮೀಕರಿಸಬಾರದು.) ಒಪ್ಪದ ವೈದ್ಯೆಗೆ ಉಳಿದದ್ದು ಯಾರಿಗೂ ಬೇಡವಾಗಿದ್ದ ವಿಭಾಗ: ‘ಉದ್ಯೋಗ ಚಿಕಿತ್ಸೆ’ ಎಂಬ ಹೆಸರಿನಲ್ಲಿ ರೋಗಿಗಳಿಂದ ಆಸ್ಪತ್ರೆಯ ಕಸಗುಡಿಸುವ ಚಾಕರಿ ಮಾಡಿಸುತ್ತಿದ್ದ ವಿಭಾಗ. ಅದನ್ನೇ ಅವರು ಹೊಲಿಗೆ, ಪುಸ್ತಕದ ರಟ್ಟು ಕಟ್ಟುವುದು, ಸಂಗೀತ, ಚಿತ್ರ, ಜೇಡಿಮಣ್ಣಿನ ಶಾಲೆಯಾಗಿ ಬದಲಿಸಿದರು. ಚಿತ್ರಶಾಲೆಗೆ ನೆರವಾದವರು ಆಲ್ಮಿರ್ ಮಾವಿನ್ಯೇರ್ ಎಂಬ ತರುಣ ಕಲಾವಿದ. ಯಾರಿಗೂ ಪಾಠ ಹೇಳಲಿಲ್ಲ, ಮಾದರಿ ಇಟ್ಟು ನಕಲು ಮಾಡಿಸಲಿಲ್ಲ. ಕಾಗದ, ಬಣ್ಣ, ಕುಂಚ, ಸಮಯ ಇವನ್ನು ಕೊಟ್ಟು, ಒಬ್ಬ ಸಹಾಯಕ ಅಥವಾ ಸಹಾಯಕಿ ಹತ್ತಿರದಲ್ಲೇ ಇರುವಂತೆ ನೋಡಿಕೊಂಡರು.

ಆ ಸಹಾಯಕರ ಇರವಿಗೆ ನೀಸಿ ಕೊಟ್ಟ ಮಹತ್ವವೇ ಅವರ ಕೊಡುಗೆಯ ತಿರುಳೆಂದು ನನಗೆ ತೋರುತ್ತದೆ. ವಿಶ್ವಾಸದಿಂದ ಪಕ್ಕದಲ್ಲಿದ್ದು, ಅಡ್ಡ ಮಾತಾಡದ, ಹೊಗಳದ, ತಿದ್ದದ ವ್ಯಕ್ತಿಯನ್ನು ಅವರು ‘ಭಾವದ ವೇಗವರ್ಧಕ’ ಎಂಬರ್ಥದ ಮಾತಿನಿಂದ ಕರೆದರು. ನಾಯಿ, ಬೆಕ್ಕುಗಳನ್ನೂ ಚಿತ್ರಶಾಲೆಯೊಳಗೆ ಬಿಟ್ಟುಕೊಂಡು, ಅವು ಸಹಚಿಕಿತ್ಸಕರೆಂದರು. ಈ ನೆಲದ ಮೇಲೆ ಏನು ಬೆಳೆಯಿತು ಎನ್ನುವುದಕ್ಕೆ ಫೆರ್ನಾಂದೊ ದಿನಿಜ್ ಅವರ ಕೆಲಸ ಸಾಕ್ಷಿ. ಫೆರ್ನಾಂದೊ ಬಡ ಕಪ್ಪುಜನಾಂಗದ ಹುಡುಗ. ತಾಯಿ ಶ್ರೀಮಂತರ ಮನೆಗಳಲ್ಲಿ ಬಟ್ಟೆ ಹೊಲಿಯುತ್ತಿದ್ದರು, ಮಗ ಜೊತೆಗೆ ಹೋಗುತ್ತಿದ್ದ. ಆಸ್ಪತ್ರೆಯ ಚಿತ್ರಶಾಲೆಯಲ್ಲಿ ಆತ ಬರೆದದ್ದು ಆ ಮನೆಗಳ ಒಳಾಂಗಣವನ್ನು. ಮೊದಮೊದಲು ವಸ್ತುಗಳೆಲ್ಲ ಒಂದರ ಮೇಲೊಂದು ಬಿದ್ದು ಗೋಜಲಾಗಿದ್ದವು. ಬಳಿಕ ನೆಲದ ಹಲಗೆಗಳು ಕಾಣಿಸಿಕೊಂಡವು. ಕುರ್ಚಿ, ಮೇಜು, ಪಿಯಾನೊ ಒಂದೊಂದಾಗಿ ಆ ನೆಲದ ಮೇಲೆ ತಮ್ಮ ಜಾಗ ಹಿಡಿದವು. ಕೊನೆಗೆ ಕೋಣೆಯೊಂದು ಇಡಿಯಾಗಿ ಮೂಡಿತು. ದಿಕ್ಕುತಪ್ಪಿದ ಮನಸ್ಸು ದಿನನಿತ್ಯದ ಜಾಗವನ್ನು ಮತ್ತೆ ಜೋಡಿಸಿಕೊಳ್ಳಲು ಹೆಣಗುವುದನ್ನು ನೀಸಿ ಈ ಸಾಲುಚಿತ್ರಗಳಲ್ಲಿ ಓದಿದರು. ಒಂದೇ ಚಿತ್ರವನ್ನು ನೋಡಿ ಅವರು ತೀರ್ಪು ಕೊಡುತ್ತಿರಲಿಲ್ಲ, ವರ್ಷಗಳ ಚಿತ್ರಗಳನ್ನು ತಾರೀಖಿನಂತೆ ಸಾಲಾಗಿ ಇಟ್ಟು ನೋಡುತ್ತಿದ್ದರು. 1952ರಲ್ಲಿ ಅವರು ಸ್ಥಾಪಿಸಿದ ‘ಅಪ್ರಜ್ಞೆಯ ಚಿತ್ರಗಳ ಸಂಗ್ರಹಾಲಯ’ದಲ್ಲಿ ಇಂದು ಮೂರು ಲಕ್ಷಕ್ಕೂ ಹೆಚ್ಚು ಕೃತಿಗಳಿವೆ.

ಅದೇ ಚಿತ್ರಶಾಲೆಯ ಇನ್ನೊಂದು ಪ್ರಕರಣ ಓದಿದರೆ ಮನಸ್ಸು ಕಲಕುತ್ತದೆ. ಲೂಸಿಯೊ ಎಂಬ ರೋಗಿ ಮಣ್ಣಿನಲ್ಲಿ ಬಲಿಷ್ಠ ಯೋಧರ ಶಿಲ್ಪಗಳನ್ನು ಮಾಡುತ್ತಿದ್ದರು. ನೀಸಿಯ ವಿರೋಧವನ್ನು ಲೆಕ್ಕಿಸದೆ ಅವರಿಗೆ ಲೋಬಾಟಮಿ ಮಾಡಲಾಯಿತು. ಆ ಬಳಿಕ ಅದೇ ಕೈಗಳಿಂದ ಬಂದದ್ದು ಚಿಕ್ಕಮಕ್ಕಳ ಕೈಯಲ್ಲಿ ಮೂಡುವಂಥ ಸಡಿಲ ಆಕೃತಿಗಳು. ಲೋಬಾಟಮಿಯನ್ನು ರೂಪಿಸಿದ ಪೋರ್ಚುಗಲ್‌ನ ಎಗಾಸ್ ಮೊನಿಜ್‌ಗೆ 1949ರಲ್ಲಿ ನೊಬೆಲ್ ಬಹುಮಾನ ಬಂದಿತ್ತು. ಶಾಂತನಾದ ರೋಗಿಯನ್ನು ಗುಣವಾದ ರೋಗಿಯೆಂದು ವೈದ್ಯಲೋಕ ಎಣಿಸುತ್ತಿದ್ದ ಕಾಲದಲ್ಲಿ, ಕಳೆದುಹೋದದ್ದೇನು ಎನ್ನುವುದನ್ನು ಕಣ್ಣಿಗೆ ಕಾಣುವಂತೆ ತೋರಿಸಿದ್ದು ಶಸ್ತ್ರಚಿಕಿತ್ಸೆಯ ಮೊದಲಿನ ಮತ್ತು ನಂತರದ ಆ ಶಿಲ್ಪಗಳು.

ಆದರೆ ಇಂಥ ಕಥನಗಳು ಎಷ್ಟೇ ಶಕ್ತವಾಗಿದ್ದರೂ ಅವು ಕೆಲವರ ಕಥನಗಳು. ಚಿಕಿತ್ಸೆಯೊಂದು ಬಹುಮಂದಿಗೆ ಉಪಯೋಗವಾಗುತ್ತದೆಯೇ ಎಂದು ತಿಳಿಯಲು ದೊಡ್ಡ ಪ್ರಯೋಗಗಳು ಬೇಕು, ಅಲ್ಲಿ ಉತ್ತರ ಇಷ್ಟು ಹುರುಪು ತುಂಬುವಂಥದ್ದಲ್ಲ. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಇರುವ 417 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ‘ಮ್ಯಾಟಿಸ್’ ಎಂಬ ಅಧ್ಯಯನದಲ್ಲಿ ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲು ಚಿಕಿತ್ಸೆಯ ಜೊತೆ ವಾರಕ್ಕೊಮ್ಮೆ ಸಾಮೂಹಿಕ ಕಲಾಚಿಕಿತ್ಸೆ, ಇನ್ನೊಂದಕ್ಕೆ ಆಟ, ಹರಟೆ ಮುಂತಾದ ಚಟುವಟಿಕೆ, ಮೂರನೆಯದಕ್ಕೆ ಮಾಮೂಲು ಚಿಕಿತ್ಸೆ ಮಾತ್ರ ಸಿಕ್ಕಿತು. ಎರಡು ವರ್ಷದ ಕೊನೆಗೆ ಕಾಯಿಲೆಯ ಲಕ್ಷಣಗಳಲ್ಲಾಗಲೀ ದಿನನಿತ್ಯದ ಬದುಕಿನ ನಿರ್ವಹಣೆಯಲ್ಲಾಗಲೀ ಕಲಾಚಿಕಿತ್ಸೆಯ ಗುಂಪಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಕಲಾಚಿಕಿತ್ಸೆಗೆ ಹೆಸರು ಬಂದವರಲ್ಲಿ ಸುಮಾರು ಹತ್ತರಲ್ಲಿ ನಾಲ್ವರು ಒಂದು ತರಗತಿಗೂ ಬಂದಿರಲಿಲ್ಲ. ಈ ಕೊನೆಯ ಸಂಗತಿಯನ್ನು ಕಲಾಚಿಕಿತ್ಸಕರು ತಮ್ಮ ಸಮರ್ಥನೆಗೆ ಬಳಸುತ್ತಾರೆ, ಬರದವರಿಗೆ ಪ್ರಯೋಜನವಾಗುವುದು ಹೇಗೆ ಎಂದು. ನಾನು ಅದನ್ನು ಬೇರೆ ರೀತಿಯಲ್ಲಿ ಓದುತ್ತೇನೆ. ಯಾರಿಗೆ ಬೇಕೋ ಅವರಿಗೆ ಕೊಡುವುದು ಒಂದು, ಚೀಟಿ ಎತ್ತಿ ಎಲ್ಲರಿಗೂ ಹಂಚುವುದು ಇನ್ನೊಂದು. ಕಲೆ ಎಲ್ಲರ ದಾರಿಯೂ ಅಲ್ಲ. ಬಣ್ಣ ಕಂಡರೆ ಬೇಸರ ಪಡುವ ರೋಗಿಗೆ ತೋಟದ ಕೆಲಸವೋ ಭಜನೆಯೋ ಕ್ರಿಕೆಟ್ಟೋ ಹೆಚ್ಚು ಒಗ್ಗಬಹುದು.

ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಉದ್ಧರಿಸಲಾಗುವ ಇನ್ನೊಂದು ಅಧ್ಯಯನವಿದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ 39 ವಯಸ್ಕರು 45 ನಿಮಿಷ ಕಲಾಕೆಲಸ ಮಾಡಿದ ಮೇಲೆ ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಕಡಿಮೆಯಾಗಿತ್ತು ಎಂದು 2016ರಲ್ಲಿ ವರದಿಯಾಯಿತು. ಕಲೆಯ ಅನುಭವ ಇದ್ದವರಿಗೂ ಇಲ್ಲದವರಿಗೂ ಇದರಲ್ಲಿ ಹೆಚ್ಚು ಭೇದ ಕಾಣಲಿಲ್ಲ ಎನ್ನುವುದು ಒಳ್ಳೆಯ ಸುದ್ದಿಯೇ. ಆದರೆ ಅವರೆಲ್ಲ ಆರೋಗ್ಯವಂತರು, ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ. ಇದನ್ನು ಹಿಡಿದು ‘ಚಿತ್ರಕಲೆ ಖಿನ್ನತೆಯನ್ನು ಗುಣಪಡಿಸುತ್ತದೆ’ ಎಂದು ಬರೆಯುವುದು ಜನರನ್ನು ದಾರಿ ತಪ್ಪಿಸಿದಂತೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಹಾಕಿ ಹೊರತಂದ ವರದಿ, ಕಲೆ ಆರೋಗ್ಯವನ್ನು ಕಾಪಾಡುವುದರಲ್ಲೂ ಕಾಯಿಲೆಯ ನಿರ್ವಹಣೆಯಲ್ಲೂ ನೆರವಾಗುತ್ತದೆಂದು ಹೇಳುತ್ತದೆ. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿಯೂ ಸೈಕೋಸಿಸ್ (ವಾಸ್ತವದ ಹಿಡಿತ ತಪ್ಪುವ ಸ್ಥಿತಿ) ಇರುವವರಿಗೆ, ಮುಖ್ಯವಾಗಿ ಮೂಲೆ ಹಿಡಿದು ಕೂರುವಂಥ ಲಕ್ಷಣಗಳಿರುವವರಿಗೆ, ಕಲಾಚಿಕಿತ್ಸೆಯನ್ನು ಪರಿಗಣಿಸಿ ಎನ್ನುತ್ತದೆ. ಪರಿಗಣಿಸಿ ಎನ್ನುತ್ತದೆಯೇ ಹೊರತು ಔಷಧ ಬಿಡಿ ಎಂದು ಎಲ್ಲಿಯೂ ಹೇಳುವುದಿಲ್ಲ.

ಔಷಧದ ಮಾತು ಬಂದಾಗ ನಮ್ಮ ಸಾಂಸ್ಕೃತಿಕ ಲೋಕದಲ್ಲಿ ಬೇರೂರಿದ ಒಂದು ನಂಬಿಕೆಯನ್ನು ಎದುರಿಸಲೇಬೇಕಾಗುತ್ತದೆ. ಹುಚ್ಚಿಗೂ ಪ್ರತಿಭೆಗೂ ಒಂದೇ ಬೇರು, ಕಾಯಿಲೆ ವಾಸಿಯಾದರೆ ಕಲೆ ಬತ್ತುತ್ತದೆ ಎಂಬ ನಂಬಿಕೆ ಅದು. ಬರೆಯುವ, ಹಾಡುವ ತರುಣರು ಮಾತ್ರೆ ನಿಲ್ಲಿಸಲು ಇದು ನೆಪವಾಗುತ್ತದೆ. ಈ ನಂಬಿಕೆಗೆ ಎಲ್ಲರೂ ಕೊಡುವ ಉದಾಹರಣೆ ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ. ಅವರ ಪತ್ರಗಳನ್ನು ನೋಡಿದರೆ ಚಿತ್ರಣ ತಲೆಕೆಳಗಾಗುತ್ತದೆ. 1889ರ ಮೇ ತಿಂಗಳಿಂದ ಒಂದು ವರ್ಷ ಫ್ರಾನ್ಸಿನ ಸಾಂ-ರೆಮಿಯ ಮನೋರೋಗಿಗಳ ಆಶ್ರಯಾಲಯದಲ್ಲಿದ್ದಾಗ ಅವರು ಸುಮಾರು 150 ಚಿತ್ರಗಳನ್ನು ಬರೆದದ್ದು ನಿಜ. ಬಹುಪಾಲು ಬರೆದದ್ದು ಕಾಯಿಲೆ ಇಳಿದ ದಿನಗಳಲ್ಲಿ. ಕಾಯಿಲೆ ಏರಿದಾಗ ಕೆಲಸ ವಾರಗಟ್ಟಲೆ ನಿಲ್ಲುತ್ತಿತ್ತು, ಅವರು ಬಣ್ಣವನ್ನೇ ನುಂಗಿದ್ದರಿಂದ ವೈದ್ಯರು ಸಾಮಗ್ರಿಯನ್ನು ಕೈಗೆ ಕೊಡುತ್ತಿರಲಿಲ್ಲ. ಚಿತ್ರ ಬರೆಯುವುದು ತನ್ನ ಚೇತರಿಕೆಗೆ ಅಗತ್ಯವೆಂದು ಅಲ್ಲಿನ ವೈದ್ಯ ಡಾ. ಪೆಯ್ರೊನ್‌ಗೆ ತಿಳಿಸುವಂತೆ ಅವರು ತಮ್ಮನಾದ ಥಿಯೊಗೆ ಬರೆದು ಕೇಳಿಕೊಂಡರು. ಕಾಯಿಲೆ ಚಿತ್ರಗಳನ್ನು ಕೊಡಲಿಲ್ಲ, ಕಿತ್ತುಕೊಂಡಿತು. 1890ರ ಜುಲೈನಲ್ಲಿ, 37ನೇ ವಯಸ್ಸಿನಲ್ಲಿ, ಅವರನ್ನೇ ಕಿತ್ತುಕೊಂಡಿತು. ಇದಕ್ಕೆ ಎದುರಾಗಿ ಜಪಾನಿನ ಕಲಾವಿದೆ ಯಾಯೊಯಿ ಕುಸಾಮಾ ಅವರನ್ನು ನೋಡಬಹುದು. 1929ರಲ್ಲಿ ಹುಟ್ಟಿ, ಬಾಲ್ಯದಿಂದಲೇ ಇಲ್ಲದ್ದನ್ನು ಕಾಣುವ ಅನುಭವದಿಂದ ನಲುಗಿದ ಅವರು 1977ರಿಂದ ತಮ್ಮ ಇಚ್ಛೆಯಿಂದಲೇ ಟೋಕಿಯೊದ ಮಾನಸಿಕ ಆಸ್ಪತ್ರೆಯಲ್ಲಿ ವಾಸವಾಗಿ, ಹತ್ತಿರದಲ್ಲೇ ಸ್ಟುಡಿಯೊ ಇಟ್ಟುಕೊಂಡು ದಶಕಗಳ ಕಾಲ ದುಡಿದರು. ಆಸ್ಪತ್ರೆಯ ಆಸರೆ ಅವರ ಕಲೆಯನ್ನು ಕುಗ್ಗಿಸಲಿಲ್ಲ, ಅದರ ಬಲದಿಂದಲೇ ಅವರ ಕೆಲಸ ನಡೆಯಿತು.

ಇನ್ನೊಂದು ಅಪಾಯ ಚಿತ್ರಗಳನ್ನು ಓದುವ ನಮ್ಮ ಚಪಲದ್ದು. ಕಪ್ಪು ಬಣ್ಣ ಬಳಸಿದರೆ ಖಿನ್ನತೆ, ಕಣ್ಣುಗಳನ್ನು ಬರೆದರೆ ಸಂಶಯ ರೋಗ ಎಂಬಂಥ ಅಗ್ಗದ ಅರ್ಥಗಳು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತವೆ. ಇಂಥ ಓದು ಎಲ್ಲಿಯವರೆಗೆ ಹೋಗಬಲ್ಲದು ಎನ್ನುವುದಕ್ಕೆ ಇತಿಹಾಸದಲ್ಲಿ ಘೋರವಾದ ನಿದರ್ಶನವಿದೆ. ಕಲಾ ಇತಿಹಾಸವನ್ನೂ ಮನೋವೈದ್ಯವನ್ನೂ ಓದಿದ್ದ ಹಾನ್ಸ್ ಪ್ರಿಂಜ್‌ಹಾರ್ನ್ ಮೊದಲ ಮಹಾಯುದ್ಧದ ನಂತರ ಹೈಡೆಲ್‌ಬರ್ಗ್‌ನಲ್ಲಿ ಮನೋರೋಗಿಗಳ ಸುಮಾರು 5,000 ಕೃತಿಗಳನ್ನು ಸಂಗ್ರಹಿಸಿ, 1922ರಲ್ಲಿ ಆದರದಿಂದ ಅವುಗಳ ಬಗ್ಗೆ ಪುಸ್ತಕ ಬರೆದರು. ಆಗ್ನೆಸ್ ರಿಖ್ಟರ್ ಅವರ ಕುಪ್ಪಸ ಇರುವುದೂ ಈ ಸಂಗ್ರಹದಲ್ಲಿಯೇ. ನಾಜಿಗಳು 1937ರಲ್ಲಿ ಮ್ಯೂನಿಕ್‌ನಲ್ಲಿ ತೆರೆದ ‘ಅವನತ ಕಲೆ’ ಪ್ರದರ್ಶನ ಊರೂರು ಸುತ್ತಿದಾಗ ಈ ಸಂಗ್ರಹದ ಕೃತಿಗಳನ್ನು ಆಧುನಿಕ ಕಲಾವಿದರ ಕೃತಿಗಳ ಪಕ್ಕ ತೂಗುಹಾಕಿ, ಇಬ್ಬರನ್ನೂ ಒಟ್ಟಿಗೆ ಹೀನಾಯಗೊಳಿಸಿದರು. ಪ್ರಿಂಜ್‌ಹಾರ್ನ್ ಮೆಚ್ಚಿ ಬರೆದಿದ್ದ ಕಲಾವಿದರಲ್ಲೊಬ್ಬರಾದ ಫ್ರಾನ್ಜ್ ಕಾರ್ಲ್ ಬ್ಯೂಲರ್ ಅವರನ್ನು 1940ರಲ್ಲಿ ಗ್ರಾಫೆನೆಕ್‌ನ ವಿಷಾನಿಲದ ಕೋಣೆಯಲ್ಲಿ ಕೊಲ್ಲಲಾಯಿತು. ಕೊಂದವರಲ್ಲಿ ವೈದ್ಯರಿದ್ದರು. ರೋಗಿಯ ಚಿತ್ರವನ್ನು ಬರೀ ರೋಗಲಕ್ಷಣವೆಂದು ಓದುವವರು ರೋಗಿಯಲ್ಲಿ ಮನುಷ್ಯನನ್ನು ಕಾಣುವುದನ್ನು ನಿಲ್ಲಿಸಿರುತ್ತಾರೆ ಎಂದು ನಾನು ಹೇಳುವುದು ಈ ಹಿನ್ನೆಲೆಯಲ್ಲಿ.

ನಮ್ಮ ಸ್ಥಿತಿಗೆ ಬರೋಣ. ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮಾತ್ರೆಯೇ ತಲುಪದ ಕಡೆ ಬಣ್ಣದ ಮಾತೇಕೆ ಎಂದು ಕೇಳುವವರಿದ್ದಾರೆ, ಕೇಳುವುದು ನ್ಯಾಯವೇ. ನನ್ನ ಉತ್ತರ ಇದು: ಚಿಕಿತ್ಸೆಗೆ ಬಂದವರು ಅರ್ಧಕ್ಕೇ ಬಿಟ್ಟುಹೋಗಲು ಒಂದು ಕಾರಣ, ತಿಂಗಳಿಗೊಮ್ಮೆ ಮಾತ್ರೆ ಚೀಟಿ ಬಿಟ್ಟರೆ ಆಸ್ಪತ್ರೆಯಲ್ಲಿ ಅವರಿಗೆ ಬೇರೇನೂ ಕಾಣದಿರುವುದು. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಹೊಲಿಗೆ, ಬಡಗಿ ಕೆಲಸ, ಮುದ್ರಣ, ಬೇಕರಿ ಇವೆಲ್ಲ ವರ್ಷಗಳಿಂದ ಚಿಕಿತ್ಸೆಯ ಭಾಗವಾಗಿವೆ. ಬೆಂಗಳೂರಿನಲ್ಲಿ ಸಾಧ್ಯವಾದದ್ದು ಜಿಲ್ಲೆಗಳಲ್ಲಿ ಅಸಾಧ್ಯವಲ್ಲ. 1980ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಟ್ಟಕ್ಕೆ ಮನೋವೈದ್ಯವನ್ನು ಒಯ್ದು, ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿಯೇ. ಆ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ದಾದಿಯರು ಇರುತ್ತಾರೆ. ಅವರ ಜೊತೆಗೆ ಕೈಗೆಲಸ ಬಲ್ಲ, ರೋಗಿಗಳೊಂದಿಗೆ ತಾಳ್ಮೆಯಿಂದಿರಲು ತರಬೇತಿ ಪಡೆದ ಒಬ್ಬರು ಮತ್ತು ಬೆಳಕಿರುವ ಒಂದು ಕೋಣೆ ಸಿಕ್ಕರೆ ಸಾಕು. ಕೌದಿ, ಕಸೂತಿ, ಚಾಪೆ, ಬುಟ್ಟಿ, ಮಣ್ಣು, ರಂಗೋಲಿ ಬಲ್ಲವರು ಪ್ರತಿ ತಾಲ್ಲೂಕಿನಲ್ಲಿದ್ದಾರೆ. ದುಬಾರಿ ಕ್ಯಾನ್ವಾಸ್ ತರಿಸಬೇಕಾಗಿಲ್ಲ.

ತರಬೇತಿಯ ವಿಷಯದಲ್ಲಿ ಮಾತ್ರ ರಾಜಿಯಾಗಬಾರದು. ಎರಡು ದಿನದ ಸರ್ಟಿಫಿಕೇಟ್ ಹಿಡಿದವರೂ ತಮ್ಮನ್ನು ‘ಥೆರಪಿಸ್ಟ್’ ಎಂದು ಕರೆದುಕೊಳ್ಳುವುದನ್ನು ತಡೆಯಲು ನಮ್ಮಲ್ಲಿ ಬಿಗಿಯಾದ ವ್ಯವಸ್ಥೆ ಇನ್ನೂ ನೆಲೆಗೊಂಡಿಲ್ಲ. ಶಿಬಿರಕ್ಕೆ ಹಣ ಕಟ್ಟುವ ಮುನ್ನ, ನಡೆಸುವವರು ಎಲ್ಲಿ, ಎಷ್ಟು ಕಾಲ ಕಲಿತವರು, ಮಧ್ಯೆ ಯಾರಿಗಾದರೂ ಸಂಕಟ ಹೆಚ್ಚಾದರೆ ಯಾವ ಮನೋವೈದ್ಯರ ಬಳಿ ಕಳಿಸುತ್ತಾರೆ ಎಂದು ಕೇಳುವುದು ಪ್ರತಿಯೊಬ್ಬರ ಹಕ್ಕು. ಮನೆಯಲ್ಲೇ ಒಬ್ಬರು ಬರೆಯುತ್ತಲೋ ಹೊಲಿಯುತ್ತಲೋ ಕೂತಿದ್ದರೆ, ಮನೆಯವರು ಮಾಡಬೇಕಾದದ್ದು ಕಡಿಮೆ: ಸಾಮಗ್ರಿ ಒದಗಿಸಿ, ಹತ್ತಿರ ಇದ್ದು, ‘ಇದೇನು ಬರೆದೆ’ ಎಂಬ ವಿಚಾರಣೆಯನ್ನೂ ‘ಆಹಾ’ ಎಂಬ ಅತಿ ಹೊಗಳಿಕೆಯನ್ನೂ ಬಿಡುವುದು. ನಿದ್ದೆ ಬಿಟ್ಟು ರಾತ್ರಿಗಳೆಲ್ಲ ಬರೆಯತೊಡಗಿದರೆ, ಅಥವಾ ಸಾವಿನ ಮಾತು ಬರಹದಲ್ಲೋ ಬಾಯಲ್ಲೋ ಬಂದರೆ, ಅದನ್ನು ಸ್ಫೂರ್ತಿಯೆಂದು ತಿಳಿಯದೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ, ಮಾಡಿದ ಕೃತಿ ಯಾರದು ಎಂಬ ಪ್ರಶ್ನೆ. ಆಸ್ಪತ್ರೆ, ಆಶ್ರಯಧಾಮಗಳು ರೋಗಿಗಳ ಕೈಗೆಲಸವನ್ನು ಮಾರುತ್ತವೆ, ಗೋಡೆಗೆ ಹಾಕುತ್ತವೆ, ದಾನಿಗಳಿಗೆ ತೋರಿಸಲು ಫೋಟೊ ತೆಗೆಯುತ್ತವೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 20ನೇ ಸೆಕ್ಷನ್ ಪ್ರಕಾರ ಅಲ್ಲಿರುವ ಯಾರನ್ನೂ ಬಲವಂತವಾಗಿ ದುಡಿಸುವಂತಿಲ್ಲ, ದುಡಿದರೆ ತಕ್ಕ ಸಂಭಾವನೆ ಕೊಡಬೇಕು. 24ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯಲ್ಲಿರುವವರ ಫೋಟೊ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಗಳಿಗೆ ಕೊಡುವಂತಿಲ್ಲ. ಚಿತ್ರಗಳಿಗೂ ಇದೇ ಮರ್ಯಾದೆ ಸಲ್ಲಬೇಕು. ಯಾರ ಚಿತ್ರವನ್ನು ಪ್ರದರ್ಶನಕ್ಕೆ ಇಡಬಹುದು, ಹೆಸರು ಹಾಕಬೇಕೋ ಬೇಡವೋ, ಮಾರಾಟವಾದರೆ ಹಣ ಯಾರ ಖಾತೆಗೆ ಹೋಗಬೇಕು ಎನ್ನುವುದನ್ನು ಚಿತ್ರ ಬರೆದವರನ್ನು ಕೇಳಿ, ಅವರು ಚೇತರಿಸಿಕೊಂಡ ಮೇಲೆ ಮತ್ತೊಮ್ಮೆ ಕೇಳಿ, ಬರವಣಿಗೆಯಲ್ಲಿ ದಾಖಲಿಸಿಕೊಳ್ಳಬೇಕು. ಬಿಡುಗಡೆಯ ದಿನ ಮಾತ್ರೆ, ಚೀಟಿ, ಬಟ್ಟೆಬರೆಗಳ ಜೊತೆಗೆ ಅವರ ಚಿತ್ರಗಳನ್ನೂ ಲೆಕ್ಕ ಮಾಡಿ ಅವರ ಕೈಗೆ ಒಪ್ಪಿಸುವ ಪದ್ಧತಿ ನಮ್ಮ ಆಸ್ಪತ್ರೆಗಳಲ್ಲಿ ಬರಬೇಕು. ಅವನ್ನು ಮನೆಗೆ ಒಯ್ಯುವುದೋ, ಅಲ್ಲೇ ಬಿಡುವುದೋ, ಹರಿದು ಹಾಕುವುದೋ ಅವರ ತೀರ್ಮಾನಕ್ಕೆ ಬಿಟ್ಟದ್ದು.